ಹೋಯ್ತೀನಿ ಅಂದವಳು

ನನ್ನ ಅಕ್ಕ ನರಸಕ್ಕ ಹಿಂದೂಪುರದ ನಮ್ಮ ಮನೆಯ ಹೊಸ್ತಿಲಲ್ಲಿ ನಿಂತು "ಹೋಯ್ತೀನಿ ಕಣಪ್ಪ" ಎಂದು ಹೇಳಿ ಹೋಗಿ ಹನ್ನೊಂದು ವರ್ಷವಾಗಿತ್ತು. "ಬತ್ತೀನಿ" ಅನ್ನಲಿಲ್ಲ. "ಹೋಗ್ಬತ್ತೀನಿ" ಅಂತಲೂ ಅನ್ನಲಿಲ್ಲ. ನಾನು ಅವಳನ್ನು ಕರೆದು ಕೂರಿಸಲಿಲ್ಲ. ಇದನ್ನು ಬರೆಯುವುದಕ್ಕೆ ನಾಚಿಕೆಯಾಗುತ್ತದೆ. ಆದರೆ ಇದನ್ನು ಬಿಟ್ಟರೆ ಹೇಳುವುದಕ್ಕೆ ನನ್ನ ಹತ್ತಿರ ಬೇರೇನೂ ಇಲ್ಲ.

ಹೊರಡುವಾಗ "ಹೋಗುತ್ತೇನೆ" ಅನ್ನಬಾರದು ಎಂಬುದು ಎಲ್ಲರ ಮನೆಯಲ್ಲೂ ಇರುವುದೇ. ತೆಲುಗಿನವರೂ "ಪೋಯೊಸ್ತಾ", ಹೋಗಿ ಬರುತ್ತೇನೆ, ಅನ್ನುತ್ತಾರೆ. ಕಲ್ಯಾಣದುರ್ಗದ ಆಚೆ, ಕುಂದುರ್ಪಿ ರಸ್ತೆಯಲ್ಲಿದ್ದ ನಮ್ಮ ಹಳ್ಳಿಯ ಮನೆಯಲ್ಲಿ ಮಾತ್ರ ಅದು ಬರೀ ಶಾಸ್ತ್ರವಾಗಿರಲಿಲ್ಲ. ನಮ್ಮಪ್ಪ ಉಗ್ರಪ್ಪ ಸೀರೆ ನೇಯುತ್ತಿದ್ದ. ನನಗಾಗ ಎರಡು ವರ್ಷ, ಅಕ್ಕನಿಗೆ ಒಂಬತ್ತು. ಅಂಬಲಿ ಹುಳಿಯಾಯಿತೆಂದು ಅವ್ವನ ಜೊತೆ ಜಗಳವಾಡಿ, ಸೀರೆ ಗಂಟನ್ನು ಹೆಗಲಿಗೇರಿಸಿ, "ಹೋಯ್ತೀನಿ" ಎಂದು ಹೊರಟನಂತೆ. ಅವ್ವನಿಗೂ ಸಿಟ್ಟು ಬಂದಿತ್ತು, ಹಿಂದಕ್ಕೆ ಕರೆಯಲಿಲ್ಲ. ಬೈಗಿಗೆ, ಅಂದರೆ ಸಂಜೆಗೆ, ಎತ್ತಿನ ಗಾಡಿಯಲ್ಲಿ ಅವನ ಹೆಣ ತಂದು ಅಂಗಳದಲ್ಲಿ ಇಳಿಸಿದರು. ದಾರಿಯಲ್ಲಿ ಲಾರಿ ಬಡಿದಿತ್ತು.

ಅಲ್ಲಿಂದ ಮುಂದೆ ನಮ್ಮ ಮನೆಯಲ್ಲಿ ಯಾರ ಬಾಯಲ್ಲಾದರೂ ಮರೆತು ಆ ಮಾತು ಬಂದರೆ ಅವ್ವ ಇದ್ದಲ್ಲಿಂದಲೇ ಕೂಗುತ್ತಿದ್ದಳು. "ಯಾರದು ಹೋಯ್ತೀನಿ ಅಂದೋರು? ತಿರುಗಿ ಬಾ. ಕುಂತ್ಕೋ. ಒಂದು ಗುಟುಕು ನೀರು ಕುಡಿ. ಈಗ ಹೇಳು." ಹಿತ್ತಾಳೆ ಚೊಂಬಿನಲ್ಲಿ ನೀರು ಕೊಟ್ಟು, ಅವರು ಕೂತು ಒಂದು ಗುಟುಕು ಕುಡಿದು, "ಹೋಗ್ಬತ್ತೀನಿ" ಅಂದಮೇಲೆಯೇ ಬಿಡುತ್ತಿದ್ದಳು. ಬಳೆಗಾರನಿಗೂ ಇದೇ, ಪೋಸ್ಟ್‌ಮ್ಯಾನ್‌ಗೂ ಇದೇ. ಒಂದು ಸಲ ನಮ್ಮ ಇಸ್ಕೂಲಿನ ಮೇಷ್ಟರು ಹಾಗೆ ಅಂದುಬಿಟ್ಟು ಬಸ್ಸು ಹತ್ತಿ ಕೂತಿದ್ದರು. ಅವ್ವ ಚೊಂಬು ಹಿಡಿದು ಓಡಿಹೋಗಿ ಬಸ್ಸನ್ನೇ ನಿಲ್ಲಿಸಿದ್ದಳು. ಕಂಡಕ್ಟರು ಬೈದ, ಮೇಷ್ಟರು ನಗುತ್ತಾ ನೀರು ಕುಡಿದರು. ಇದಕ್ಕೆ ಇನ್ನೊಂದು ಕಟ್ಟಳೆಯೂ ಇತ್ತು. ಆ ಮಾತನ್ನು ಯಾರ ಹೊಸ್ತಿಲಲ್ಲಿ ಆಡಿದರೋ, ಯಾರು ಕೇಳಿಸಿಕೊಂಡರೋ ಅವರೇ ನೀರು ಕೊಡಬೇಕು. ಬೇರೆಯವರು ಕೊಟ್ಟರೆ ಅದು ಬರೀ ನೀರು.

ಅವ್ವ ದಿನವೆಲ್ಲ ಮಗ್ಗದಲ್ಲಿರುತ್ತಿದ್ದಳು. ನನ್ನನ್ನು ಕಂಕುಳಲ್ಲಿ ಹೊತ್ತು ಬೆಳೆಸಿದವಳು ಅಕ್ಕ. ನನಗೆ ಹತ್ತು ವರ್ಷ ತುಂಬಿದಾಗ ಅಪ್ಪನ ಮಗ್ಗದ ಗುಂಡಿಯಲ್ಲಿ ನಾನು ಕೂತೆ. ಕಾಲು ಸರಿಯಾಗಿ ಎಟುಕುತ್ತಿರಲಿಲ್ಲ. ಪಕ್ಕದಲ್ಲಿ ರಾಟೆ ಇಟ್ಟುಕೊಂಡು ಅಕ್ಕ ಕಂಡಿಕೆಗೆ ನೂಲು ಸುತ್ತಿ ಸುತ್ತಿ ಕೊಡುತ್ತಿದ್ದಳು. ನಾನು ತೂಕಡಿಸಿ ಲಾಳಿಯ ಸದ್ದು ನಿಂತರೆ ಸಾಕು, "ಯಾಕ್ಲಾ ನಿಲ್ಸಿದೆ?" ಎಂಬ ಕೂಗು. ನಿದ್ದೆ ಬಾರದಿರಲೆಂದು ಗಾದೆಯ ಆಟ ಹೂಡುತ್ತಿದ್ದಳು. ಅವಳು ಅರ್ಧ ಎಸೆಯಬೇಕು, ನಾನು ಲಾಳಿ ಹಿಂದಿರುಗುವಷ್ಟರಲ್ಲಿ ಉಳಿದರ್ಧ ಎಸೆಯಬೇಕು.

"ಕುಣಿಲಾರದೋಳು..."

"ನೆಲ ಡೊಂಕು ಅಂದ್ಳು!"

"ಮನೇಗೆ ಮಾರಿ..."

"ಊರ್ಗೆ ಉಪಕಾರಿ!"

ತಡವಾದರೆ ತಲೆಗೊಂದು ಮೊಟಕು. ಇಡೀ ಸೀರೆಯನ್ನು ಹೀಗೆ ಗಾದೆ ಹೇಳುತ್ತಲೇ ನೇಯ್ದದ್ದುಂಟು.

ಇಪ್ಪತ್ತಕ್ಕೆ ಅಕ್ಕನನ್ನು ಕಲ್ಯಾಣದುರ್ಗಕ್ಕೆ ಕೊಟ್ಟರು. ಗಂಡನ ಕಡೆಯವರು ಬಂದು ಕರೆದುಕೊಂಡು ಹೊರಟಾಗ ಯಾರೋ ಮುದುಕಿ, "ಕೊಟ್ಟ ಹೆಣ್ಣು ಕುಲಕ್ಕೆ ಹೊರಗೆ, ಅಳಬ್ಯಾಡ ಕಣಮ್ಮ" ಎಂದು ಅವ್ವನಿಗೆ ಸಮಾಧಾನ ಹೇಳಿದಳು. ಅವ್ವ ಅಳು ನಿಲ್ಲಿಸಿ ನನ್ನ ಕೈ ಹಿಡಿದಳು. "ಆ ಮಾತು ನಿಮ್ಮಕ್ಕನ್ಗೆ ನೀನು ಯಾವತ್ತೂ ಅನ್ಬ್ಯಾಡ ಕಣ್ಲಾ" ಎಂದಳು. ನಾನು ತಲೆಯಾಡಿಸಿದೆ. ಹದಿಮೂರರ ಹುಡುಗ, ನನಗೇನು ಗೊತ್ತು.

ಅವ್ವ ಹೋದಮೇಲೆ ನಾನು ಹಿಂದೂಪುರಕ್ಕೆ ಬಂದೆ. ಮೊದಲು ಕೂಲಿ ನೇಯ್ಗೆ, ಆಮೇಲೆ ನನ್ನದೇ ನಾಲ್ಕು ಪವರ್‌ಲೂಮು. ನನ್ನ ಹೆಂಡತಿ ಬನಶಂಕರಿ ಧರ್ಮವರದವಳು. ಮನೆಯ ಮಾತು ತೆಲುಗಾಯಿತು, ಮಕ್ಕಳ ಶಾಲೆ ತೆಲುಗಾಯಿತು. ಇದರಲ್ಲಿ ಯಾರ ತಪ್ಪೂ ಇಲ್ಲ, ನಮ್ಮ ಕಡೆ ಎರಡೂ ನಾಲಿಗೆಯ ಮೇಲೇ ಇರುತ್ತವೆ. ಆದರೆ ನಾನು ಹುಟ್ಟಿದ ಮನೆಯ ಮಾತು ನನ್ನ ಬಾಯಿಗೆ ಬರುತ್ತಿದ್ದದ್ದು ಅಕ್ಕ ಬಂದಾಗ ಮಾತ್ರ. ಅವಳು ವರ್ಷಕ್ಕೆರಡು ಸಲ ಕಡಲೆಕಾಯಿಯ ಚೀಲ ಹೊತ್ತುಕೊಂಡು ಬರುವಳು. ಬಸ್ಸಿಳಿದು ಮನೆ ಸೇರುವ ಮೊದಲೇ ಬೀದಿಯಿಂದಲೇ ಅರ್ಧ ಗಾದೆ ಕೂಗುವಳು. ನಾನು ಶೆಡ್ಡಿನಿಂದಲೇ ಉಳಿದರ್ಧ ಕೂಗುವೆನು. ಅಕ್ಕಪಕ್ಕದವರಿಗೆ ನಗು.

ನನ್ನದು ಹುಟ್ಟಾ ಮುಂಗೋಪ. ಅಪ್ಪನಿಂದ ಬಂದದ್ದು ಎಂದು ಅಕ್ಕ ಹೇಳುತ್ತಿದ್ದಳು. ಅವಳ ಮಾತಿಗೆ ನಾನೇ ಸಾಕ್ಷಿ ಒದಗಿಸಿದೆ. ನನ್ನ ಮಗಳು ಭಾರ್ಗವಿಯ ನಿಶ್ಚಿತಾರ್ಥದ ದಿನ ಅನಂತಪುರದಿಂದ ಗಂಡಿನವರು ಬಂದಿದ್ದರು. ಅವರು ನಮಗಿಂತ ದೊಡ್ಡ ಕುಳ, ಕನ್ನಡ ಬಾರದವರು. ಎಲ್ಲಿ ಏನು ತಪ್ಪಾಗುತ್ತದೋ ಎಂದು ನನಗೆ ಬೆಳಗಿನಿಂದ ಹೆದರಿಕೆ. ಊಟವಾದ ಮೇಲೆ ಹುಡುಗನ ತಾಯಿ ಮಗನನ್ನು ಹೊಗಳುವುದಕ್ಕೆ ಕೂತರು. ನನ್ನ ಮಗ ಹಾಗೆ, ನನ್ನ ಮಗ ಹೀಗೆ, ಕಾಲೇಜಿನಲ್ಲೆಲ್ಲ ಅವನಂಥ ಚೆಲುವನಿರಲಿಲ್ಲ. ಹುಡುಗನಿಗೇ ನಾಚಿಕೆಯಾಗಿ ಚಾಪೆ ಕೆರೆಯುತ್ತಿದ್ದ. ಅಕ್ಕ ಎಲೆಯಡಿಕೆ ಹಾಕಿಕೊಳ್ಳುತ್ತಾ ಪ್ರೀತಿಯಿಂದಲೇ ನಕ್ಕು, "ಹೆತ್ತೋರ್ಗೆ ಹೆಗ್ಗಣ ಮುದ್ದು ಕಣಮ್ಮ" ಎಂದಳು.

ಅಲ್ಲಿಗೇ ಬಿಟ್ಟಿದ್ದರೆ ಮುಗಿಯುತ್ತಿತ್ತು. ಪಕ್ಕದ ಮನೆಯ ಜಯಣ್ಣ ಎಂಬ ಮಹಾನುಭಾವನಿಗೆ ಬಾಯಿ ಚಪಲ. ಬೀಗಿತಿ "ಏಮಂಟುಂದಿ?" ಎಂದು, ಅಂದರೆ ಏನಂತಾಳೆ ಎಂದು, ಕೇಳಿದ್ದೇ ತಡ, ಅಕ್ಷರ ಬಿಡದೆ ತೆಲುಗು ಮಾಡಿಬಿಟ್ಟ. ಹೆಗ್ಗಣ ಹೋಗಿ ಪಂದಿಕೊಕ್ಕು ಆಯಿತು. ಇದೇ ಮಾತನ್ನು ತೆಲುಗಿನವರು ಕಾಗೆಯ ಮೇಲಿಟ್ಟು ಹೇಳುತ್ತಾರೆ, ಕಾಗೆಯ ಮರಿ ಕಾಗೆಗೆ ಮುದ್ದು ಎಂದು. ಕಾಗೆ ಅಂದಿದ್ದರೆ ಅವರೂ ನಗುತ್ತಿದ್ದರು. ಕಾಗೆಗಿದ್ದ ಮರ್ಯಾದೆ ಹೆಗ್ಗಣಕ್ಕಿರಲಿಲ್ಲ. "ಮಾ ಅಬ್ಬಾಯಿ ಪಂದಿಕೊಕ್ಕಾ?" ಎಂದು ಆಕೆಯ ಮುಖ ಕಪ್ಪಿಟ್ಟಿತು. ನಮ್ಮ ಹುಡುಗ ಹೆಗ್ಗಣವಾ ಎಂದು.

ನಾನು ಎದ್ದು ನಿಂತೆ. ಇಪ್ಪತ್ತು ಜನರ ಎದುರಿಗೆ, ನನ್ನನ್ನು ಕಂಕುಳಲ್ಲಿ ಹೊತ್ತವಳಿಗೆ, "ಬಾಯ್ಮುಚ್ಚು ನರಸಕ್ಕ. ನಿನ್ನ ಹಟ್ಟಿ ಮಾತು ಇಲ್ಲಿ ಬ್ಯಾಡ. ಕೊಟ್ಟ ಹೆಣ್ಣು ಕುಲಕ್ಕೆ ಹೊರಗೆ, ನಿನ್ನ ಯಾರು ಕೇಳಿದ್ರು?" ಎಂದೆ.

ಅಕ್ಕ ಎಲೆಯನ್ನು ಅರ್ಧ ಮಡಿಸಿದ್ದಳು. ಅದನ್ನು ತಟ್ಟೆಯಲ್ಲಿ ಇಟ್ಟಳು. ಒಳಗೆ ಹೋಗಿ ತನ್ನ ಕೈಚೀಲ ತಂದಳು. ಹೊಸ್ತಿಲು ದಾಟಿ ತಿರುಗಿ ನಿಂತು, "ಹೋಯ್ತೀನಿ ಕಣಪ್ಪ" ಎಂದಳು. ಬಾಯಿ ತಪ್ಪಿ ಬಂದದ್ದಲ್ಲ, ಬೇಕೆಂದೇ ಹೇಳಿದಳು. ಹೇಳಿ ಸ್ವಲ್ಪ ಹೊತ್ತು ನಿಂತಿದ್ದಳು. ಯಾಕೆ ನಿಂತಿದ್ದಾಳೆಂದು ಆ ಮನೆಯಲ್ಲಿ ನನ್ನೊಬ್ಬನಿಗೆ ಗೊತ್ತಿತ್ತು. ಅವ್ವನ ಹಿತ್ತಾಳೆ ಚೊಂಬು ನನ್ನ ಕೈಗೆಟುಕುವಷ್ಟು ದೂರದಲ್ಲಿ ಗೂಡಿನಲ್ಲೇ ಇತ್ತು. ನಾನು ಬೀಗರ ಕಡೆ ತಿರುಗಿ, ಕಾಫಿ ತರಿಸಲೇ ಎಂದು ತೆಲುಗಿನಲ್ಲಿ ಕೇಳಿದೆ. ಮತ್ತೆ ನೋಡುವಾಗ ಬಾಗಿಲು ಖಾಲಿ.

ಮದುವೆ ಆಯಿತು. ಅಕ್ಕ ಬರಲಿಲ್ಲ, ಮಗನ ಕೈಲಿ ಭಾರ್ಗವಿಗೆ ಸೀರೆ ಕಳಿಸಿದಳು. ಎರಡು ವರ್ಷದ ಮೇಲೆ ಮೊಮ್ಮಗನ ನಾಮಕರಣದಲ್ಲಿ ಅದೇ ಬೀಗಿತಿ ಬಾಯ್ತುಂಬ ನಗುತ್ತಾ, "ಆ ಪಂದಿಕೊಕ್ಕು ವದಿನ ರಾಲೇದಾ?" ಎಂದು ಕೇಳಿದರು. ಆ ಹೆಗ್ಗಣದ ಅತ್ತಿಗೆ ಬರಲಿಲ್ಲವಾ ಅಂತ! ಅವರು ಯಾವತ್ತೋ ಮರೆತು ನಗುವ ವಿಷಯ ಮಾಡಿಕೊಂಡಿದ್ದರು. ನಾನು ಮಾತ್ರ ಅದಕ್ಕಾಗಿ ಅಕ್ಕನನ್ನು ಕಳೆದುಕೊಂಡಿದ್ದೆ. ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬಂದೀತೇ? ಆಗಲಾದರೂ ಬಸ್ಸು ಹತ್ತಬೇಕಾಗಿತ್ತು. ಹತ್ತಲಿಲ್ಲ. ಹೋದವಳು ಅವಳು, ಅವಳೇ ಬರಲಿ ಎಂಬ ಹಾಳು ಹಟ. ಥೂ, ನನ್ನ ಹಟಕ್ಕಿಷ್ಟು.

ಕಳೆದ ಮಾಘದಲ್ಲಿ ಒಂದು ಬೆಳಗ್ಗೆ ಫೋನು ಬಂತು. ಅಕ್ಕನ ಮಗ ಮುರಳೀಕೃಷ್ಣ. ಕಲ್ಯಾಣದುರ್ಗದಿಂದ ಹಳ್ಳಿಗಳಿಗೆ ಜೀಪು ಓಡಿಸುತ್ತಾನೆ.

"ಮಾವ, ಅಮ್ಮನ್ಗೆ ಬಾಳ ಸೀರಿಯಸ್ಸು. ಕಿಡ್ನಿ ಎರಡೂ ಹೋಗ್ಬುಟ್ಟವೆ. ಅನಂತಪುರದಾಗೆ ಡಾಕ್ಟ್ರು ಮನೇಗೆ ಕರ್ಕೊಂಡೋಗ್ರಿ ಅಂದ್ಬುಟ್ರು."

ಅವನೇ ಮುಂದುವರಿಸಿದ. "ಬರ್ರಿ ಅಂತ ಕರಿಯಾಕೆ ಮಾಡ್ಲಿಲ್ಲ ಮಾವ, ಅದು ನಿಮ್ಮಿಷ್ಟ. ಒಂದು ಮಾತು ಕೇಳನ ಅಂತ. ಅಮ್ಮ ನಿನ್ನೆಯಿಂದ ಏನೇನೋ ಅಂತೈತೆ, ನಂಗೂ ತಿಳೀವಲ್ದು, ಶ್ರೀಲತಾಗಂತೂ ಏಮೀ ತೆಲೀದು. ಗುಬುರು ಅಂದ್ರೆ ಏನು ಮಾವ?"

ಶ್ರೀಲತಾ ಅವನ ಹೆಂಡತಿ, ಗುಂತಕಲ್ಲಿನ ಕಡೆಯ ಹುಡುಗಿ.

"ಗುಬುರು ಹಾಕ್ರಿ ಅಂತಾಳಾ? ಸಳಿ ಆಯ್ತೈತೆ ಅವಳ್ಗೆ. ದುಪ್ಪಟಿ ತಗಂಡು ತಲೆ ಮೇಲಿಂದ ಕಾಲ್ಗಂಟ ಪೂರಾ ಮುಚ್ಚು. ಮೂಗು ಒಂದು ಬಿಡು" ಎಂದೆ. ಹಾಗೆ ಹೇಳುವಾಗ ನನ್ನ ಬಾಯಲ್ಲಿ ಬಂದ ಮಾತು ಕೇಳಿ ನನಗೇ ಮೈ ಜುಮ್ಮೆಂದಿತು. ಹನ್ನೊಂದು ವರ್ಷದಿಂದ ಆ ಮಾತು ನನ್ನ ಬಾಯಿಂದ ಹೊರಬಿದ್ದಿರಲಿಲ್ಲ.

ಸಂಜೆ ಮತ್ತೆ ಮಾಡಿದ. ಮುಚ್ಚಿದಮೇಲೆ ಹಾಯಾಗಿ ಮಲಗಿದಳಂತೆ. ಮಾರನೆಯ ದಿನ ಇನ್ನೊಂದು. "ಮಳೆ ಬಂತು, ಬೆಳಕಿಂಡಿ ಮುಚ್ಚಿ ಅಂತ ಒಂದೇ ಹಟ ಮಾವ. ಮಳೆನೂ ಇಲ್ಲ, ಏನೂ ಇಲ್ಲ." ನಮ್ಮ ಹಳೇ ಮಣ್ಣಿನ ಮಾಳಿಗೆಯಲ್ಲಿ ಬೆಳಕು ಬರಲೆಂದು ಬಿಟ್ಟ ಕಿಂಡಿ ಅದು, ಮಳೆ ಬಂದರೆ ಮೇಲೆ ಹತ್ತಿ ಬಾಣಲೆ ಕವುಚಬೇಕು ಎಂದು ವಿವರಿಸಿದೆ. ಅಕ್ಕ ಆ ಮನೆಗೆ ಹೋಗಿಬಿಟ್ಟಿದ್ದಾಳೆ ಎಂದು ನನಗೆ ಅರ್ಥವಾಯಿತು. "ಮುಚ್ಚೀವ್ನಿ ಅಂತ ಹೇಳು, ಸಾಕು" ಎಂದೆ. ಮರುದಿನ ಸಿಂಬಿ. ನೀರಿನ ಕೊಡ ಹೊರುವಾಗ ತಲೆಗಿಟ್ಟುಕೊಳ್ಳುವ ಬಟ್ಟೆಯ ಬಳೆ. ಹಳೇ ಸೀರೆಯ ತುಂಡೊಂದನ್ನು ಹೊಸೆದು ಸುತ್ತಿ ಅವಳ ಕೈಗೆ ಕೊಡಲು ಹೇಳಿದೆ. ಅದನ್ನು ಹಿಡಿದುಕೊಂಡೇ ಇದ್ದಾಳಂತೆ, ಬಿಡುತ್ತಿಲ್ಲವಂತೆ.

ನಿಜ ಹೇಳುತ್ತೇನೆ. ನನಗೆ ಆ ಫೋನಿಗಾಗಿ ಕಾಯುವುದು ಖುಷಿಯಾಗತೊಡಗಿತ್ತು. ಅಕ್ಕ ಸಾಯುತ್ತಿದ್ದಾಳೆ, ನಾನು ಫೋನು ಪಕ್ಕದಲ್ಲಿಟ್ಟುಕೊಂಡು ಹೊಸ ಅಳಿಯನ ಹಾಗೆ ಕಾಯುತ್ತಿದ್ದೇನೆ. ಬನಶಂಕರಿ ನೋಡಿ ನೋಡಿ ಸಾಕಾಗಿ, "ಫೋನ್‌ಲೋನೇ ಮಾಟ್ಲಾಡ್ತಾರಾ, ಪೋರಾ?" ಎಂದಳು. ಫೋನಿನಲ್ಲೇ ಮಾತಾಡುತ್ತಿರುತ್ತೀರಾ, ಹೋಗುವುದಿಲ್ಲವಾ ಎಂದು. ನಿನ್ನ ಕೆಲಸ ನೋಡಿಕೋ ಎಂದು ಅವಳ ಮೇಲೆ ಹಾರಿದೆ.

ನಾಲ್ಕನೆಯ ದಿನ ಮುರಳಿ ಹೇಳಿದ. "ಇವತ್ತು ನಿಮ್ಮೆಸ್ರು ಹಿಡ್ದು ಕೂಗ್ತು ಮಾವ. ಓಬಳೇಸ, ಯಾಕ್ಲಾ ಮಗ್ಗ ನಿಲ್ಸಿದೆ ಅಂತು. ನಾನು ಏನನ್ಲಿ?"

ಫೋನು ಇಟ್ಟುಬಿಟ್ಟೆ.

ಐದನೆಯ ದಿನ ಮಧ್ಯಾಹ್ನ ಅವನ ದನಿಯಲ್ಲಿ ಅಳುವಿತ್ತು. "ನೀರು, ನೀರು, ಒಂದು ಗುಟುಕು ನೀರು ಅಂತ ಬೆಳಗಿಂದ ಕೇಳ್ತೈತೆ ಮಾವ. ನಾವು ಕೊಟ್ರೆ ಬಾಯಿ ಬಿಗಿ ಹಿಡೀತೈತೆ. ನಾನು ಕೊಟ್ರೂ ಅಷ್ಟೆ, ಶ್ರೀಲತಾ ಕೊಟ್ರೂ ಅಷ್ಟೆ. ಬಾಗ್ಲ ಕಡೆ ನೋಡ್ತೈತೆ, ಮತ್ತೆ ನೀರು ಅಂತೈತೆ. ಇದಕ್ಕೇನು ಅರ್ಥ ಮಾವ?"

ಎಲ್ಲಾ ಪದಕ್ಕೂ ಅರ್ಥ ಹೇಳಿದವನು ನಾನು. ಇದೊಂದಕ್ಕೆ ಅರ್ಥ ಹೇಳಿದರೆ ಸಾಲದು, ನಾನೇ ಹೋಗಬೇಕು. "ಬತ್ತೀನಿ ಅಂತ ಹೇಳಪ್ಪ ಅವಳ್ಗೆ" ಎಂದೆ.

ಗೂಡಿನಿಂದ ಅವ್ವನ ಚೊಂಬನ್ನು ಇಳಿಸಿದೆ. ಮನೆಯ ಮಡಕೆಯಿಂದ ಒಂದು ಬಾಟಲಿ ನೀರು ತುಂಬಿಕೊಂಡೆ. ಕಲ್ಯಾಣದುರ್ಗದಲ್ಲಿ ನೀರಿಲ್ಲವಾ ಎಂದು ಬನಶಂಕರಿ ಕೇಳಿದಳು. ಅಲ್ಲಿನ ನೀರು ಬರೀ ನೀರು ಎಂದೆ. ಅವಳು ನನ್ನ ಮುಖ ನೋಡಿ, ಬಾಟಲಿಯ ಮುಚ್ಚಳ ಬಿಗಿ ಮಾಡಿ ಕೈಗೆ ಕೊಟ್ಟಳು.

ಮಡಕಶಿರದ ಮೇಲೆ ಪಾವಗಡ, ಅಲ್ಲಿ ಇಳಿದು ಇನ್ನೊಂದು ಬಸ್ಸು. ನಡುವೆ ಒಂದು ತುಂಡು ಕರ್ನಾಟಕ ಬಂದು ಹೋಗುತ್ತದೆ. ಕಡಲೆಕಾಯಿ ಕಿತ್ತ ಹೊಲಗಳಲ್ಲಿ ಕುರಿ ಮೇಯುತ್ತಿದ್ದವು. ಚೊಂಬನ್ನು ಟವೆಲ್ಲಿನಲ್ಲಿ ಸುತ್ತಿ ಮಡಿಲಲ್ಲಿಟ್ಟುಕೊಂಡಿದ್ದೆ. ಪಾವಗಡ ದಾಟಿದ ಮೇಲೆ ಒಂದು ಯೋಚನೆ ಬಂತು. ಹೊರಟು ನಿಂತವಳನ್ನು ಕರೆದು, ನೀರು ಕುಡಿಸಿ, "ಈಗ ಹೇಳು" ಅನ್ನುವುದು ಯಾತಕ್ಕೆ? ಹೇಳಿಸಿ ಕಳಿಸುವುದಕ್ಕೆ. ನಾನು ಕೊಟ್ಟರೆ ಅಕ್ಕ ಹೊರಡುತ್ತಾಳೆ. ಕೊಡದಿದ್ದರೆ? ಕೊಡದೆ ಇದ್ದರೆ ಬಾಯಾರಿಕೊಂಡು ಬಾಗಿಲು ನೋಡುತ್ತಿರುತ್ತಾಳೆ. ಬಸ್ಸು ಎಲ್ಲಾದರೂ ಕೆಟ್ಟು ನಿಲ್ಲಲಿ ಎಂದೂ ಅನ್ನಿಸಿತು, ಡ್ರೈವರು ನಿಧಾನ ಮಾಡಿದರೆ ಸಿಟ್ಟೂ ಬಂತು.

ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಅವರ ಮನೆ. ಶ್ರೀಲತಾ ಬಾಗಿಲು ತೆಗೆದಳು. ಮುಂದಿನ ಕೋಣೆಯಲ್ಲೇ ಮಂಚ, ಮಂಚದ ಮೇಲೆ ದುಪ್ಪಟಿ, ದುಪ್ಪಟಿಯೊಳಗೆ ಎಲ್ಲೋ ಅಕ್ಕ. ಅಷ್ಟು ಚಿಕ್ಕವಳಾಗಿದ್ದಳು. ಬಲಗೈಯಲ್ಲಿ ಸಿಂಬಿ ಹಿಡಿದಿದ್ದಳು.

"ಯಾರದು?"

"ನಾನು ಕಣಕ್ಕ. ಓಬಳೇಸ."

ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ಯಾವ ಓಬಳೇಸ? ನಮ್ಮ ಓಬಳೇಸನ್ಗೆ ಇನ್ನೂ ಮೀಸೇನೇ ಬಂದಿಲ್ಲ ಕಣಪ್ಪ. ಅವ್ನು ಮಗ್ಗದಾಗವ್ನೆ" ಎಂದು ಬಾಗಿಲ ಕಡೆ ಮುಖ ಮಾಡಿದಳು. "ಒಂದು ಗುಟುಕು ನೀರು..."

ಮುರಳಿ ಲೋಟ ತರಲು ಹೋದ. ನಾನು ಬೇಡವೆಂದು ಸನ್ನೆ ಮಾಡಿದೆ. ಬಾಟಲಿಯ ನೀರನ್ನು ಅವ್ವನ ಚೊಂಬಿಗೆ ಸುರಿದೆ. ಚೊಂಬನ್ನು ಅರ್ಧಕ್ಕೆ ಎತ್ತಿ ನಿಲ್ಲಿಸಿದೆ. ಕೊಡಬೇಡ, ಇನ್ನೆರಡು ದಿನವಾದರೂ ಇರಲಿ ಎಂದು ಒಳಗಿನಿಂದ ಯಾರೋ ಕೂಗುತ್ತಿದ್ದರು. ಅಕ್ಕನ ತುಟಿ ಒಣಗಿ ಬಿರಿದಿದ್ದವು. ನಾನು ಅವ್ವ ಕೂಗುತ್ತಿದ್ದ ಹಾಗೆಯೇ, ಅದೇ ರಾಗದಲ್ಲಿ ಕೂಗಿದೆ.

"ಯಾರದು ಹೋಯ್ತೀನಿ ಅಂದೋರು? ತಿರುಗಿ ಬಾ. ಕುಂತ್ಕೋ. ಒಂದು ಗುಟುಕು ನೀರು ಕುಡಿ."

ಅಕ್ಕ ತಟ್ಟನೆ ಕತ್ತು ತಿರುಗಿಸಿದಳು. ಚೊಂಬು ನೋಡಿದಳು. ಬಾಯಿ ತೆರೆದಳು. ನಾನು ಕತ್ತಿಗೆ ಕೈಕೊಟ್ಟು ಎತ್ತಿ ಕೂರಿಸಿದೆ, ಒಂದು ಗುಟುಕು ಕುಡಿದಳು, ಇನ್ನೊಂದು ಕುಡಿದಳು. ಕೆನ್ನೆಯ ಪಕ್ಕದಿಂದ ಸ್ವಲ್ಪ ಹರಿದು ನನ್ನ ಅಂಗಿ ಒದ್ದೆಯಾಯಿತು. ಆಮೇಲೆ ನನ್ನ ಮುಖವನ್ನು ದಿಟ್ಟಿಸಿ ನೋಡಿದಳು. ಈಗ ಗುರುತು ಸಿಕ್ಕಿತ್ತು.

"ಇಷ್ಟೊತ್ತೇನ್ಲಾ ಕರಿಯಾಕೆ?" ಎಂದಳು. "ಬಾಗ್ಲಾಗೇ ನಿಂತಿದ್ದೆ. ಕಾಲು ನೋಯ್ತವೆ ಕಣ್ಲಾ."

ನಾನು ಅವಳ ಕಾಲ ಹತ್ತಿರ ಕೂತು ಅತ್ತುಬಿಟ್ಟೆ. ಅರವತ್ತಮೂರರ ಗಂಡಸು, ಸೋದರಳಿಯ ಮತ್ತವನ ಹೆಂಡತಿಯ ಎದುರಿಗೆ, ಹೋ ಎಂದು ಅತ್ತೆ. "ತಪ್ಪಾಯ್ತು ಕಣಕ್ಕ, ತಪ್ಪಾಯ್ತು" ಎಂದು ಕಾಲು ಒತ್ತಿದೆ. ಕಾಲಲ್ಲಿ ಒತ್ತುವುದಕ್ಕೆ ಏನೂ ಇರಲಿಲ್ಲ, ಬರೀ ಮೂಳೆ.

"ಸಿಟ್ನಾಗೆ ಕುಯ್ದ ಮೂಗು..." ಎಂದು ಅಕ್ಕ ನಿಲ್ಲಿಸಿದಳು.

ಉಳಿದರ್ಧ ನಾನು ಹೇಳಬೇಕು. "ಸಾಂತವಾದ ಮ್ಯಾಲೆ ಬತ್ತದಾ..." ಎಂದೆ ಬಿಕ್ಕುತ್ತಾ.

"ಬರಾಕಿಲ್ಲ. ಮೂಗು ಬರ್ದಿದ್ರೆ ಬ್ಯಾಡ, ನೀನು ಬಂದ್ಯಲ್ಲ" ಎಂದಳು.

ಕಣ್ಣೊರೆಸಿಕೊಂಡು ಕೇಳಿದೆ. "ಅಕ್ಕ, ನೀರು ಕುಡ್ದೆಯಲ್ಲ. ಈಗ ಬತ್ತೀನಿ ಅನ್ನು. ಒಂದು ಸಲ ಅನ್ನು."

ಅಕ್ಕ ತಲೆಯಾಡಿಸಿದಳು. "ಈಗ ಹೆಂಗನ್ಲಿ? ಸುಳ್ಳಾಯ್ತದಲ್ಲೋ. ಅವತ್ತೇ ಕರ್ದಿದ್ರೆ ಅಂತಿದ್ದೆ ಕಣಪ್ಪ, ಅನ್ನಬೇಕು ಅಂತ್ಲೇ ನಿಂತಿದ್ದೆ. ಈಗ ಹೋಯ್ತೀನಿ."

ದುಪ್ಪಟಿ ಸರಿ ಮಾಡಿ ಹೊದಿಸಿದೆ. ಮತ್ತೆ ಕೇಳುವ ಬಾಯಿ ನನಗೆಲ್ಲಿಂದ ಬರಬೇಕು?

ನಾನು ಹೆದರಿದ ಹಾಗೆ ಅವಳು ಅವತ್ತೇ ಹೊರಡಲಿಲ್ಲ. ಎರಡು ದಿನ ಇದ್ದಳು. ನಾನು ಮಂಚದ ಪಕ್ಕದಲ್ಲೇ ಕೂತಿದ್ದೆ. ಎಚ್ಚರವಾದಾಗಲೆಲ್ಲ ಅರ್ಧ ಗಾದೆ ಎಸೆಯುವಳು, ನಾನು ಉಳಿದರ್ಧ ಎಸೆಯುವೆನು. ಒಮ್ಮೆ ನಾನು ಬೇಕೆಂದೇ ತಡಮಾಡಿದೆ, ಮೊಟಕಲು ಕೈ ಎತ್ತಿದಳು. ಕೈ ಅರ್ಧಕ್ಕೇ ಬಿತ್ತು. ಎರಡನೆಯ ದಿನ ಸಂಜೆ, "ಉಪ್ಪಿಗಿಂತ ರುಚಿಯಿಲ್ಲ..." ಎಂದಳು.

"ಅಕ್ಕನಿಗಿಂತ ಬಂಧುವಿಲ್ಲ" ಎಂದೆ.

"ತಾಯಿ ಅಲ್ಲೇನ್ಲಾ ಅಲ್ಲಿ ಇರಾದು? ತಪ್ಪು ಹೇಳ್ತೀಯಲ್ಲೋ ಹೆಗ್ಗಣ" ಎಂದು ನಕ್ಕಳು. ನಗು ಕೆಮ್ಮಾಯಿತು. ಅದೇ ನನ್ನ ಜೊತೆ ಅವಳು ಆಡಿದ ಕೊನೆಯ ಮಾತು. ಮಾರನೆಯ ದಿನ ಹೊತ್ತಾರೆ, ಶ್ರೀಲತಾ ಅಂಗಳಕ್ಕೆ ನೀರು ಹಾಕುತ್ತಿದ್ದಾಗ, ಅಕ್ಕನ ಕೈಯಿಂದ ಸಿಂಬಿ ಜಾರಿ ನೆಲಕ್ಕೆ ಬಿತ್ತು.

ಮೂರನೆಯ ದಿನದ ಹಾಲುತುಪ್ಪ ಮುಗಿಸಿಕೊಂಡು ಹೊರಟೆ. ಸಾವಿನ ಮನೆಯಿಂದ ಹೊರಡುವಾಗ ಬತ್ತೀನಿ ಅನ್ನಬಾರದು, ಯಾರಿಗೂ ಏನೂ ಹೇಳದೆ ಎದ್ದು ನಡೆಯಬೇಕು. ಹಾಗೇ ಎದ್ದು ನಡೆದೆ. ಮುರಳಿ ತಲೆ ತಗ್ಗಿಸಿಕೊಂಡು ಕೂತಿದ್ದ, ನೋಡಲಿಲ್ಲ.

ಈಗ ಎರಡು ತಿಂಗಳಾಯಿತು. ಮಗ್ಗಗಳು ನಡೆಯುತ್ತಿವೆ, ಮನೆಯಲ್ಲಿ ತೆಲುಗು ನಡೆಯುತ್ತಿದೆ. ಬನಶಂಕರಿ ಪಾಪ ಒಳ್ಳೆಯವಳು, ನಾನು ಸುಮ್ಮನೆ ಕೂತರೆ ಕಾಫಿ ತಂದು ಕೊಡುತ್ತಾಳೆ. ಒಂದು ದಿನ ಕೆಲಸ ಮಾಡುತ್ತಾ ಇದ್ದಕ್ಕಿದ್ದಂತೆ "ಕುಣಿಲಾರದೋಳು" ಎಂದು ಜೋರಾಗಿ ಅಂದುಬಿಟ್ಟೆ. ಶೆಡ್ಡಿನ ಹುಡುಗಿಯರು ತಿರುಗಿ ನೋಡಿ, ದಾರ ಕಡಿಯಿತೇ ಎಂದು ತೆಲುಗಿನಲ್ಲಿ ಕೇಳಿದರು.

ನಿನ್ನೆ ಬೆಳಗ್ಗೆ ಮಾರ್ಕೆಟ್ಟಿಗೆ ಹೊರಟವನು ಹೊಸ್ತಿಲು ದಾಟಿ, ಅಕ್ಕ ನಿಂತಿದ್ದ ಜಾಗದಲ್ಲೇ ತಿರುಗಿ ನಿಂತೆ. "ಹೋಯ್ತೀನಿ" ಎಂದೆ. ಬೇಕೆಂದೇ, ಗಟ್ಟಿಯಾಗಿ.

ಒಳಗಿನಿಂದ ಬನಶಂಕರಿ, "ಸರೇ, ಒಚ್ಚೇಟಪ್ಪುಡು ಕೊತ್ತಿಮೀರ ತೆಂಡಿ" ಎಂದಳು. ಬರುವಾಗ ಕೊತ್ತಂಬರಿ ತರಬೇಕಂತೆ. ಒಗ್ಗರಣೆಯ ಸದ್ದು ಕೇಳಿಸಿತು. ನಾನು ನಿಂತೇ ಇದ್ದೆ. ಕರೆಯುವವರು ಯಾರೂ ಇಲ್ಲವೆಂದು ಗೊತ್ತು. ಅವ್ವ ಇಲ್ಲ, ಅಕ್ಕ ಇಲ್ಲ, ತಿರುಗಿ ಬಾ ಎಂದು ಆ ರಾಗದಲ್ಲಿ ಕೂಗಬಲ್ಲವನು ಭೂಮಿಯ ಮೇಲೆ ಇನ್ನು ನಾನೊಬ್ಬನೇ. ಆದರೂ ನಿಂತೆ. ಕಾಲು ನೋಯತೊಡಗಿದವು. ಹನ್ನೊಂದು ವರ್ಷ ಹೀಗೆ ನಿಂತಿದ್ದಳಲ್ಲ ನನ್ನ ಅಕ್ಕ.

ಬನಶಂಕರಿ ಸೌಟು ಹಿಡಿದು ಹೊರಗೆ ಇಣುಕಿದಳು. "ಅಯ್ಯೋ, ಇಂಕಾ ಪೋಲೇದಾ?" ಎಂದು ಕೇಳಿದಳು. ಇನ್ನೂ ಹೋಗಲಿಲ್ಲವಾ ಎಂದು.